ಆಣೆಯೊಳಗೆ ಬಾರದ ಮಾತು

ಜುಲೈ ೮, ಮಂಗಳವಾರ. ಬೆಳಿಗ್ಗೆ

...ಚಹಾ ಕುದಿಯುವಷ್ಟು ಹೊತ್ತು ಸಾಕು, ಅಂದಿದ್ದಳು ಛಾಯಾ. ಹಾಲು ಉಕ್ಕುವಷ್ಟು ಅಂದಿದ್ದಳೋ? ಏನೋ ಒಂದು ಒಲೆಯ ಮೇಲಿತ್ತು. ಮನಸ್ಸಿಲ್ಲದ ದಿನ ಪುಸ್ತಕ ತೆಗೆಯಬೇಡ, ಕಿವಿಗೆ ಹಾಕಿಕೊಂಡು ಸುಮ್ಮನೆ ನಿಲ್ಲು — ಇಷ್ಟು ನೆನಪಿದೆ.

ಇಂದು ಹಾಗೇ ಮಾಡಿದೆ. ಇಯರ್‌ಫೋನಿನಲ್ಲಿ ಕೊರಿಯಾದ ಹೆಂಗಸೊಬ್ಬಳು ಮಾರ್ಕೆಟ್ಟಿಗೆ ಹೋಗಿ ಮೂಲಂಗಿ ಆರಿಸಿದಳು. ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಚಹಾ ಆಯಿತು. ಬಂದ್ ಮಾಡಿದೆ.

ಯಾಕೆ ಕೊರಿಯನ್ ಕಲಿಯುತ್ತಿದ್ದೇನೆ ಎಂದು ಕೇಳಿಕೊಂಡರೆ ಕೈ ನಿಲ್ಲುತ್ತದೆ. ಕೇಳಿಕೊಳ್ಳುವುದಿಲ್ಲ.

ಜುಲೈ ೧೧

ಫೋನಿನ ಭಾಷೆಯನ್ನೇ ಕೊರಿಯನ್‌ಗೆ ಬದಲಿಸಿದೆ. ಇದೂ ಛಾಯಾಳ ಉಪಾಯ. ಅವಳಿದ್ದಾಗ ಧೈರ್ಯ ಬಂದಿರಲಿಲ್ಲ. ಶ್ರಮವಿಲ್ಲ. ನೋಡಿದ್ದನ್ನೇ ನೋಡುವುದು. ಇವರು ಟಾರ್ಚಿಗೆಂದು ಎತ್ತಿಕೊಂಡು ಗಾಬರಿಯಾದರು.

"ಏನಾಗ್ಯದ ಇದಕ? ವೈರಸ್ ಹೊಕ್ಕಾದೇನ?"

"ಕಲಿಯಾಕತ್ತೀನ್ರಿ."

"ಇನ್ನೂ ಬಿಟ್ಟಿಲ್ಲೇನ ಅದನ? ಆಕಿ ಹೋದ್ಲು, ಈ ಹುಚ್ಚು ಹೋಗಲಿಲ್ಲ."

ಟಾರ್ಚ್ ಸಿಗಲಿಲ್ಲ. ಕತ್ತಲಲ್ಲೇ ಮೀಟರ್ ನೋಡಿದರು.

ಜುಲೈ ೧೯, ಮಧ್ಯಾಹ್ನ

ಲಾಕ್‌ಡೌನಿನಲ್ಲಿ ಶುರುವಾದದ್ದು. ಚಾದರದ ಅಂಗಡಿ ಮುಚ್ಚಿ ಇವರು, ಇವರ ತಮ್ಮ ಇಬ್ಬರೂ ಹಗಲೆಲ್ಲ ಮನೆಯಲ್ಲಿ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ. ಕನ್ನಡ, ಮರಾಠಿ, ಹಿಂದಿ ಈ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಇಬ್ಬರು ಸೊಸೆಯರು ತಮ್ಮಷ್ಟಕ್ಕೆ ಏನಾದರೂ ಅಂದುಕೊಳ್ಳಲು ಒಂದು ಭಾಷೆ ಇರಲಿಲ್ಲ. ಕೊರಿಯನ್ ಸೀರಿಯಲ್ಲುಗಳಿಂದ ಒಂದೊಂದೇ ಶಬ್ದ ಕದ್ದೆವು. ಉಪ್ಪು. ನೀರು. ಸಾಕು. ಬಂದರು. ನೆಗೆಣ್ಣಿ ಛಾಯಾ ನನ್ನನ್ನು ಅಕ್ಕ ಎನ್ನುವುದು ಬಿಟ್ಟು ಒನ್ನಿ ಎಂದಳು. ಅರ್ಥ ಅದೇ. ಆದರೆ ಅಕ್ಕ ಎನ್ನಲು ಮನೆಯವರು ಹೇಳಿದ್ದರು, ಒನ್ನಿ ಎನ್ನಲು ಅವಳಿಗೆ ಯಾರೂ ಹೇಳಿರಲಿಲ್ಲ.

ಈ ವರ್ಷ ಹೋಳಿಯ ನಂತರ ಅಣ್ಣತಮ್ಮನ ಜಗಳದಲ್ಲಿ ಅಂಗಡಿ ಒಡೆಯಿತು. ಮೈದುನ ನಿತಿನ ಅಕ್ಕಲಕೋಟೆಯಲ್ಲಿ ಗುಡಿಯ ರಸ್ತೆಗೆ ಬೇರೆ ಅಂಗಡಿ ಹಾಕಿದ. ಈ ಮನೆ, ಆ ಮನೆ — ಮಾತು ಬಂದ್. ಛಾಯಾಳ ನಂಬರು ಬಾಯಿಪಾಠ. ಹಚ್ಚಿದರೆ ಕನ್ನಡದಲ್ಲಿ ಮಾತಾಡಬೇಕು. ಕನ್ನಡದಲ್ಲಿ ಯಾರು ಯಾರಿಗೆ ಏನಂದರು ಎಂಬುದೆಲ್ಲ ಇದೆ. ನಮ್ಮ ಕೊರಿಯನ್ ಫೋನಿಗೆ ಸಾಲುವಷ್ಟಿಲ್ಲ. ಎದುರು ನಿಂತು ಹುಬ್ಬು, ಸೌಟು ಎಲ್ಲ ಸೇರಿಸಿದರೆ ಮಾತ್ರ ಅದು ಭಾಷೆ.

ಅವಳೂ ಹಚ್ಚಿಲ್ಲ.

ಆಗಸ್ಟ್ ೧೦, ಭಾನುವಾರ

ಬಹಳ ದಿನ ಏನೂ ಕಲಿಯಲಿಲ್ಲ. ಫೋನು ಮಾತ್ರ ಕೊರಿಯನ್‌ನಲ್ಲೇ ಇದೆ. ಬದಲಿಸುವಷ್ಟು ಮನಸ್ಸೂ ಇಲ್ಲ.

ಇಂದು ಶೇಂಗಾ ಆರಿಸುತ್ತ ಹಳೆಯ ಸೀರಿಯಲ್ ಹಚ್ಚಿದೆ — ಫೋನು ಬೋರಲು, ಬರೀ ದನಿ. ಕಥೆ ಗೊತ್ತಿರುವುದರಿಂದ ಕಷ್ಟವಿಲ್ಲ. ಅತ್ತೆ ಎದುರು ಬಂದು ಕೂತರು.

"ಆ ವಯರ್ ತಗಿ. ನನಗೂ ಕೇಳಲಿ."

ಇಯರ್‌ಫೋನು ತೆಗೆದೆ.

"ನಿಮ್ಮಿಬ್ಬರ ಮಾತ ಇದ ಅಲ್ಲ? ನನ್ನ ಬೈತಿದ್ರಿ."

"ಇಲ್ರಿ ಅತ್ತಿ. ಉಪ್ಪು, ನೀರು ಅಂತಿದ್ವಿ."

"ಉಪ್ಪು ನೀರಿಗೆ ಅಷ್ಟು ನಗತಾರೇನ ಯಾರರ?"

ಸ್ವಲ್ಪ ಹೊತ್ತು ಶೇಂಗಾ ಆರಿಸಿದರು. ಆಮೇಲೆ —

"ಊಟ ಆತೇನ ಅನ್ನೂದಕ ಏನಂತಾರ?"

ಹೇಳಿದೆ. ಬಾಪ್ ಮೊಗೊಸ್ಸೊ. ಅವರ ಬೊಚ್ಚುಬಾಯಿಯಲ್ಲಿ ಅದು ಹೇಗೆ ಹೇಗೋ ಹೊರಳಿತು.

"ಬರೂ ಐತವಾರ ಅಕ್ಕಲಕೋಟ್ಯಾಗ ಸ್ನೇಹಲಂದು ಕುಬಸ. ಛಾಯಾ ಬರತಾಳ. ಆ ಮನಿ ಮಂದಿ ಜೋಡಿ ಮಾತಾಡೂದಿಲ್ಲ ಅಂತ ನಿನ್ನ ಗಂಡ ನನ್ನ ಕಡಿಂದ ಗುಡಿಯಾಗ ಸಿದ್ಧರಾಮನ ಮುಂದ ಆಣಿ ಮಾಡಿಸ್ಯಾನ. ಕನ್ನಡಾ ಬಂತು ಅದರಾಗ, ಮರಾಠಿ ಬಂತು. ಇದು ಆಣಿಯೊಳಗ ಬರೂದಿಲ್ಲಲಾ?"

ಬರುವುದಿಲ್ಲ ಎಂದೆ.

ಆಗಸ್ಟ್ ೧೩

ಅತ್ತೆಗೆ ಕಲಿಸುತ್ತ ನನಗೇ ಬರುತ್ತಿದೆ. ಎಲ್ಲಕ್ಕಿಂತ ಸುಲಭದ ದಾರಿ ಇದೇ ಇರಬೇಕು. ಛಾಯಾಳಿಗೂ ಹೊಳೆದಿರಲಿಲ್ಲ. ಬೆಳಿಗ್ಗೆ ಹಾಲಿನವನಿಗೂ ಬಾಪ್ ಮೊಗೊಸ್ಸೊ ಎಂದರು. "ಕಾಯ್ ಮ್ಹಣಲಾತ, ಆಜಿ?" — ಏನಂದಿರಿ ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದ ಅವನು. ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು.

ನಾನೂ ಒಂದು ವಾಕ್ಯ ಕಟ್ಟಿಟ್ಟುಕೊಂಡಿದ್ದೇನೆ. ಛಾಯಾಳಿಗೆ ಹೇಳಲು. ಉಳಿದವರೆಲ್ಲ ಮರಾಠಿ ಶಾಲೆಯವರು, ಕನ್ನಡ ಓದಲು ಈ ಮನೆಯಲ್ಲಿ ಬರುವುದು ನನಗೊಬ್ಬಳಿಗೇ. ಆದರೂ ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ ೧೭, ಭಾನುವಾರ. ಸಂಜೆ

ಅಕ್ಕಲಕೋಟೆಯ ದಾರಿಯಲ್ಲಿ ವಳಸಂಗ ದಾಟುವವರೆಗೂ ವಾಕ್ಯ ಬಾಯಲ್ಲಿತ್ತು.

ಸ್ನೇಹಲ ನಾದಿನಿ ಗಿರಿಜಾಬಾಯಿಯ ಮಗಳು, ಚೊಚ್ಚಲ ಬಸುರಿ. ಹಸಿರು ಸೀರೆ, ಮೊಣಕೈವರೆಗೂ ಹಸಿರು ಬಳೆ. ಅವಳಿಗೆ ಬಳೆ ಏರಿಸುತ್ತ ಕೂತವಳು ಛಾಯಾ. ತೆಳ್ಳಗಾಗಿದ್ದಾಳೆ. ನಾವು ಒಳಗೆ ಬರುತ್ತಲೇ ಹೆಂಗಸರ ಮಾತು ತಗ್ಗಿತು. ಮಾತಾಡುತ್ತಾರೋ ಇಲ್ಲವೋ ಎಂದು ಎಲ್ಲರಿಗೂ ನೋಡಬೇಕಿತ್ತು.

ಅತ್ತೆ ಕುರ್ಚಿಯಲ್ಲಿ ಕೂತರು. ಸೆರಗು ಸರಿಮಾಡಿಕೊಂಡರು. ಛಾಯಾಳ ಕಡೆ ನೋಡಿ, ಪೂರ್ತಿ ಗಟ್ಟಿಯಾಗಿ —

"ಬಾಪ್ ಮೊಗೊಸ್ಸೊ?"

ಛಾಯಾಳ ಕೈಯಲ್ಲಿದ್ದ ಬಳೆ ಅಲ್ಲೇ ನಿಂತಿತು. ಅವಳು ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು. ಮಾತಾಡಿದಳು. ಉತ್ತರವಲ್ಲ ಅದು — ಉದ್ದಕ್ಕೆ, ಎಲ್ಲೂ ತಡೆಯದೆ, ಸೀರಿಯಲ್ಲಿನವರು ಆಡುವಷ್ಟು ಸರಾಗವಾಗಿ. ಒನ್ನಿ ಎಂದು ಕರೆದದ್ದು ತಿಳಿಯಿತು. ಅಡುಗೆಮನೆ ಎಂದದ್ದು ತಿಳಿಯಿತು. ಉಳಿದದ್ದು ಮಳೆಯ ಹಾಗೆ ಹೋಯಿತು.

ನನ್ನ ವಾಕ್ಯ ಬಾಯಿಗೆ ಬರಲೇ ಇಲ್ಲ.

"ಇದ್ಯಾವ ಮಂತ್ರಾನ ಯವ್ವಾ," ಅಂದಳು ಗಿರಿಜಾಬಾಯಿ, "ಹೊಟ್ಟ್ಯಾಗಿನ ಕೂಸು ಅಂಜೀತು." ಎಲ್ಲರೂ ನಕ್ಕರು.

ಛಾಯಾ ನಗಲಿಲ್ಲ. ನಾನು ಏನಾದರೂ ಅನ್ನುವೆನೆಂದು ಕಾದಳು. ತಿಳಿದವಳ ಹಾಗೆ ತಲೆಯಾಡಿಸಿದೆ. ಅರ್ಥವಾಗಿಲ್ಲ ಎಂಬುದು ಅವಳಿಗೆ ಅರ್ಥವಾಯಿತು. ಬಳೆಯನ್ನು ಮೆಲ್ಲಗೆ ಸ್ನೇಹಲಳ ಕೈಗೆ ಏರಿಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಬಡಿಸಲು ಬೇರೆಯವರು ಬಂದರು.

ಆಗಸ್ಟ್ ೧೮

ಅತ್ತೆ ಬೆಳಿಗ್ಗೆಯೇ ಕೇಳಿದರು.

"ಏನಂದ್ಲು ಆಕಿ?"

"ಊಟ ಆತು ಅಂದ್ಲ್ರಿ."

"ಅಷ್ಟಕ ಅಷ್ಟುದ್ದ?"

"ಆ ಭಾಷಾನ ಹಂಗ ಅದರಿ."

"ಇರಲಿ. ಉಂಡಾಳಲ್ಲ." ಜಪಮಣಿ ಹಿಡಿದುಕೊಂಡು ಹೊರಗೆ ಹೋದರು.

ಬರೀ ಕೇಳಿಸಿಕೊಂಡು ಅಷ್ಟು ಬರುವುದಿಲ್ಲ. ನನಗೆ ಗೊತ್ತು, ಕೇಳಿಸಿಕೊಂಡವಳು ನಾನು. ಬಾಯಿಬಿಟ್ಟು ಆಡಿರಬೇಕು, ದಿನವೂ, ಯಾರೋ ಎದುರಿಗಿರುವ ಹಾಗೆ. ಅಕ್ಕಲಕೋಟೆಯಲ್ಲಿ ನಿನ್ನ ಒಲೆಯ ಮುಂದೆ ಯಾರಿದ್ದಾರೆ? ಯಾರನ್ನು ಅಲ್ಲಿ ನಿಲ್ಲಿಸಿಕೊಂಡು ಇಷ್ಟು ದಿನ ಇಷ್ಟೆಲ್ಲ ಮಾತಾಡಿದೆ ಛಾಯಾ, ನನ್ನನ್ನೇ —