ಕಣ್ಣು ಮುಚ್ಚಿದ ಗಿರಾಕಿಗಳು

ಅಂಗಡಿಯಿಂದ,
ಬುಧವಾರ, ಮಾರ್ಚ್ ೧೯, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತೂ ನಿಂತೂ ಕಾಲು ಬಾತುಕೊಳ್ಳುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಮಲಗುವಾಗ ಕಾಲ ಕೆಳಗೆ ಒಂದು ದಿಂಬು ಇಟ್ಟುಕೋ. ನರ್ಸ್ ಆಗಲು ಹೊರಟವಳಿಗೆ ಕತ್ತರಿ ಹಿಡಿದ ತಮ್ಮ ವೈದ್ಯ ಹೇಳುವುದೇ ಎಂದು ನಗಬೇಡ, ಹದಿನೈದು ವರ್ಷದಿಂದ ನಾನೂ ನಿಂತೇ ದುಡಿಯುತ್ತಿದ್ದೇನೆ. ತರಬೇತಿ ಮುಗಿಯಲು ಇನ್ನು ನಾಲ್ಕೇ ತಿಂಗಳು, ಹಲ್ಲು ಕಚ್ಚಿ ಕಳೆದುಬಿಡು. ಇಲ್ಲಿ ನಾನು ಕ್ಷೇಮ, ನಿನ್ನ ಮಗಳೂ ಕ್ಷೇಮ. ನಮ್ಮ ಮೆಣಸಿನಕಾಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಖಾರ ಮಾತ್ರ ಚೂರೂ ಕಡಿಮೆಯಾಗಿಲ್ಲ.

ಹಿಂದಿನ ಮೂರು ಕಾಗದಗಳಲ್ಲೂ ನೀನು ಕೇಳಿದ್ದು ಒಂದೇ, ಅವಳನ್ನು ಮೂರನೆಯ ತರಗತಿಗೆ ಹಾಕುತ್ತಾರೋ ಇಲ್ಲವೋ ಎಂದು. ಹಾಕುತ್ತಾರೆ. ಹೆಡ್‌ಮಾಸ್ಟರೇ ಹೇಳಿಯಾಯಿತು. ಆದರೆ ಈಗಲೇ ಕುಣಿಯಬೇಡ, ಪೂರ್ತಿ ಓದು. ಆ ಪಾಸನ್ನು ನಾನು ಅಡ್ಡದಾರಿಯಲ್ಲಿ ಗಿಟ್ಟಿಸಿದೆ. ಆವತ್ತಿನಿಂದ ಇವತ್ತಿಗೆ ಆರು ದಿನ, ನಿನ್ನ ಮಗಳು ಒಂದಕ್ಷರ ಓದಿಲ್ಲ, ನನ್ನ ಹತ್ತಿರ ಒಂದು ಮಾತೂ ಆಡಿಲ್ಲ.

ನೀನು ಹೋದಾಗಿನಿಂದ ಅವಳ ಓದಿನ ವಿಷಯದಲ್ಲಿ ನಿನಗೆ ಅರ್ಧ ಸತ್ಯವನ್ನೇ ಬರೆಯುತ್ತ ಬಂದೆ. 'ಸ್ವಲ್ಪ ನಿಧಾನ' ಎಂದೆ. ನಿಧಾನವಲ್ಲ ಅಕ್ಕಾ, ದಿನಾ ಯುದ್ಧ. ಪುಸ್ತಕ ತೆಗೆದರೆ ಹೊಟ್ಟೆನೋವು, ಹೊಟ್ಟೆನೋವು ಹೋದರೆ ಬಾಯಾರಿಕೆ. ಒಂದು ಸಾಲಿಗೆ ಅರ್ಧ ಗಂಟೆ. ಮೇಲಿನ ಸಾಲಿನಲ್ಲಿ ಓದಿದ ಪದವೇ ಕೆಳಗಿನ ಸಾಲಿನಲ್ಲಿ ಸಿಕ್ಕರೆ ಹುಟ್ಟಿದಾಗಿನಿಂದ ಕಂಡೇ ಇಲ್ಲದವಳ ಹಾಗೆ ನೋಡುತ್ತಿದ್ದಳು. ರಮಿಸಿದೆ, ಚಾಕೊಲೇಟಿನ ಆಸೆ ತೋರಿಸಿದೆ, ಕೊನೆಗೆ ರೇಗಿದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಒಂದು ಸಂಜೆ 'ನಿನ್ನ ತಲೇಲಿ ಏನಿದೆ' ಎಂದು ಕೂಗಿಬಿಟ್ಟೆ. ಮರುದಿನ ಅಂಗಡಿ ಗುಡಿಸುವಾಗ ಆ ಪುಸ್ತಕ ಸಿಕ್ಕಿದ್ದು ಕತ್ತರಿಸಿದ ಕೂದಲು ತುಂಬುವ ಡಬ್ಬದ ತಳದಲ್ಲಿ. ಶಾಲೆಯಲ್ಲಿ ಹೆಡ್‌ಮಾಸ್ಟರು ಎರಡು ಸಲ ತಮ್ಮ ಕೋಣೆಗೆ ಕರೆಸಿ ಓದಿಸಲು ನೋಡಿದರಂತೆ. ಎರಡು ಸಲವೂ ತುಟಿ ಹೊಲಿದವಳ ಹಾಗೆ ನಿಂತಿದ್ದಳಂತೆ. ತಿಂಗಳೊಳಗೆ ತಮ್ಮೆದುರು ಒಂದು ಪುಟ ಓದದಿದ್ದರೆ ಇನ್ನೊಂದು ವರ್ಷ ಎರಡನೆಯ ತರಗತಿಯಲ್ಲೇ ಇರಬೇಕು ಎಂದು ನನ್ನ ಹೆಸರಿಗೆ ಚೀಟಿ ಬಂತು.

ದಾರಿ ತೋರಿಸಿದ್ದು ಎದುರು ಸಾಲಿನ ದರ್ಜಿ ಅಜ್ಜ. ಒಂದು ಸಂಜೆ ಶೇವಿಂಗ್‌ಗೆ ಬಂದು, ಕಣ್ಣ ಮೇಲೆ ಬಿಸಿ ಟವೆಲ್ ಹಾಕಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಇವಳು ಪಕ್ಕದ ಸ್ಟೂಲಿನಲ್ಲಿ ಪುಸ್ತಕದ ಚಿತ್ರ ನೋಡುತ್ತಿದ್ದಳು. ಹಾಳೆ ಮಗುಚಿದ ಸದ್ದು ಕೇಳಿ, ಅದರಲ್ಲಿ ಏನಿದೆ ಎಂದು ಅಜ್ಜ ವಿಚಾರಿಸಿದರು. ಇವಳು ಚಿತ್ರದ ದೋಣಿಯ ಬಗ್ಗೆ ಹೇಳಿದಳು, ಹೇಳುತ್ತ ಹೇಳುತ್ತ ಚಿತ್ರದ ಕೆಳಗಿನ ಸಾಲಿಗೆ ಇಳಿದಳು. ಓದಿದಳು ಅಕ್ಕಾ! ಎಡವಿದಳು, ನಿಂತಳು, ಮತ್ತೆ ಹಿಡಿದಳು. ನನಗೆ ಆಗ ಹೊಳೆಯಿತು, ಇವಳಿಗೆ ಅಕ್ಷರಕ್ಕಿಂತ ಹೆಚ್ಚು ಹೆದರಿಕೆ ತನ್ನ ಬಾಯನ್ನೇ ನೋಡುತ್ತ ಕೂತವರದು. ಟವೆಲಿನ ಕೆಳಗಿರುವವರು ನೋಡುವುದಿಲ್ಲ. ಕೆನ್ನೆಗೆ ಬ್ಲೇಡು ಇಟ್ಟಮೇಲೆ ತಿದ್ದಲು ಬಾಯಿ ತೆರೆಯುವಂತೆಯೂ ಇಲ್ಲ. ಮರುದಿನದಿಂದ ಅದೇ ರೂಢಿಯಾಯಿತು. ಕಾನೂನೆಲ್ಲ ಅವಳದೇ: ಗಿರಾಕಿ ಕಣ್ಣು ತೆರೆಯಬಾರದು, ಯಾರೂ ತಿದ್ದಬಾರದು, ನಾನು ಕೆಲಸ ಬಿಟ್ಟು ತಿರುಗಬಾರದು. ವಾರಕ್ಕೊಮ್ಮೆ ಬರುತ್ತಿದ್ದ ದರ್ಜಿ ಅಜ್ಜ ವಾರಕ್ಕೆ ಮೂರು ಸಲ ಬರತೊಡಗಿದರು, ಬೋಳಿಸಲು ಗಡ್ಡವೇ ಇರುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಚೀಟಿಯ ಗಡುವು ಹತ್ತಿರ ಬಂದಂತೆ ನನ್ನ ತಲೆ ಕೆಟ್ಟಿತು. ಹೋದ ಗುರುವಾರ ಶಾಲೆಗೆ ಓಡಿ, ಹೆಡ್‌ಮಾಸ್ಟರ ಕೈಕಾಲು ಹಿಡಿದು, ಸಂಜೆ ಗಿರಾಕಿಯ ಹಾಗೆ ಬನ್ನಿ, ಉಸಿರೆತ್ತಬೇಡಿ ಎಂದು ಒಪ್ಪಿಸಿದೆ. ಇವಳು ಬರುವ ಮೊದಲೇ ಅವರನ್ನು ಒರಗಿಸಿ, ಕುತ್ತಿಗೆಯಿಂದ ಮಂಡಿಯವರೆಗೆ ಬಟ್ಟೆ ಹೊದಿಸಿ, ಮುಖದ ತುಂಬ ನೊರೆ ಬಳಿದು, ಕಣ್ಣಿಗೆ ಟವೆಲ್ ಹಾಕಿದೆ. ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ, ಇವಳಿಗೆ ಸುಳಿವೂ ಸಿಗಲಿಲ್ಲ. ಬಂದು ಸ್ಟೂಲ್ ಎಳೆದುಕೊಂಡಳು, ಎಂದಿಗಿಂತ ತುಸು ತಡವಾಗಿ ಪುಸ್ತಕ ಬಿಡಿಸಿದಳು. ಎರಡು ಸಾಲು ಸರಾಗವಾಗಿ ಹೋಯಿತು. ಮೂರನೆಯದರಲ್ಲಿ ಒಂದು ಉದ್ದನೆಯ ಪದಕ್ಕೆ ಸಿಕ್ಕಿಕೊಂಡಳು. ಮೇಷ್ಟ್ರ ಗಂಟಲು ನನ್ನ ಬ್ಲೇಡಿನ ಕೆಳಗೆ ಅಲುಗಿತು, ತಿದ್ದುವ ಚಟ ನೋಡು. ಗದ್ದವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಈ ಕೆಲಸ ಹಿಡಿದ ಮೇಲೆ ಮೊದಲ ಸಲ ನನ್ನ ಬ್ಲೇಡು ತಪ್ಪಿತು, ಅವರ ಕಿವಿಯ ಕೆಳಗೆ ಒಂದು ಹನಿ ರಕ್ತ ಮೂಡಿತು. ಪುಣ್ಯಾತ್ಮ ಮಿಸುಕಲಿಲ್ಲ. ಇವಳು ಆ ಪದವನ್ನು ಮೂರು ತುಂಡು ಮಾಡಿ, ಮತ್ತೆ ಕೂಡಿಸಿ, ಮುಂದೆ ಹೋದಳು. ಪುಟ ಮುಗಿಸಿದಳು. ನಾನು ಗಾಯಕ್ಕೆ ಪಟಿಕ ಒತ್ತುತ್ತಿರುವಾಗಲೇ ಮೇಷ್ಟ್ರು ಟವೆಲ್ ತೆಗೆದು ಎದ್ದು ಕೂತರು. "ನಿಧಾನ, ಆದ್ರೆ ಓದ್ತಾಳೆ. ಮೂರನೇ ಕ್ಲಾಸಲ್ಲಿ ಕೂರ್ಲಿ" ಎಂದರು. ಇವಳು ಅವರನ್ನು ನೋಡಲೇ ಇಲ್ಲ, ನನ್ನನ್ನು ನೋಡಿದಳು. ಪುಸ್ತಕ ಮುಚ್ಚಿ ಬಾಚಣಿಗೆಗಳ ಪಕ್ಕ ಇಟ್ಟು ಹೊರಗೆ ನಡೆದಳು.

ಪುಸ್ತಕ ಇನ್ನೂ ಅಲ್ಲೇ ಇದೆ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬರುತ್ತಾಳೆ, ಬೇರೆಲ್ಲಿಗೆ ಹೋದಾಳು, ಬಂದು ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಾಳೆ. ದರ್ಜಿ ಅಜ್ಜ ಎರಡು ಸಲ ಬಂದು, ಟವೆಲ್ ಹಾಕಿಸಿಕೊಂಡು, ಸುಮ್ಮನೆ ಕಾದು ಎದ್ದು ಹೋದರು. ಎರಡನೆಯ ಸಲ ಹೋಗುವಾಗ, "ಮೇಷ್ಟ್ರನ್ನ ಗೆದ್ದೆ, ಮಗೂನ ಕಳ್ಕೊಂಡೆ" ಎಂದರು. ನಾಲ್ಕು ದಿನದಿಂದ ಆ ಮಾತು ಕೊರೆಯುತ್ತಿದೆ. ಮೂರು ಗೋಡೆಗೂ ಕನ್ನಡಿ ಇರುವ ಅಂಗಡಿಯಲ್ಲಿ ನನ್ನ ಮುಖ ನೋಡಲು ನನಗೇ ನಾಚಿಕೆ. ಅವಳು ಮತ್ತೆ ನನ್ನನ್ನು ನಂಬದಿದ್ದರೆ, ಮತ್ತೆ ಪುಸ್ತಕ ಮುಟ್ಟದಿದ್ದರೆ, ಆ ಮೂರನೆಯ ತರಗತಿ ಕಟ್ಟಿಕೊಂಡು ಏನು ಮಾಡಲಿ? ಹೆತ್ತವಳು ನೀನು, ಏನಾದರೂ ದಾರಿ ಬರಿ. ಬೈದು ಬರೆದರೂ ಸರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲಿನ ಮೇಲೆ ನಿಗಾ ಇರಲಿ. ನಿನ್ನ ಕೋಣೆಯ ಗೆಳತಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ತಲೆಕೆಟ್ಟ ತಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಶಾಲೆ ಬಿಟ್ಟು ಬಂದಳು. ಯಾರಿಗೆ ಎಂದು ಕೇಳಿದಳು, ಆರು ದಿನದಲ್ಲಿ ಅದೇ ಮೊದಲ ಮಾತು. ಅಮ್ಮನಿಗೆ ಎಂದೆ. ಕೈ ಚಾಚಿದಳು, ಕೊಟ್ಟೆ. ಗಿರಾಕಿಯ ಕುರ್ಚಿ ಹತ್ತಿ ಕೂತು, ಹೆಡ್‌ಮಾಸ್ಟರ ವಿಷಯವಿರುವ ಪುಟ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು, ನಾನು ಎದುರಲ್ಲೇ ಅವಳ ಬಾಯಿ ನೋಡುತ್ತ ನಿಂತಿದ್ದರೂ. ಮುಕ್ಕಾಲು ಗಂಟೆ ಹಿಡಿಯಿತು. ಬೆಂಚಿನಲ್ಲಿ ಕಾದಿದ್ದ ಇಬ್ಬರಲ್ಲಿ ಒಬ್ಬ ಗಿರಾಕಿ ಗೊಣಗುತ್ತ ಎದ್ದೇ ಹೋದ. ನಾನು ಎಲ್ಲೂ ತಿದ್ದಲಿಲ್ಲ. ಮುಗಿಸಿ, ತಪ್ಪು ಬರೆದಿದ್ದೀಯ ಎಂದಳು. "ಬಟ್ಟೆ ಕೆಳಗೆ ಸರ್ ಶೂ ಕಾಣಿಸ್ತಿತ್ತು. ಬಂದ ತಕ್ಷಣ ಗೊತ್ತಾಯ್ತು. ಗೊತ್ತಿದ್ದೇ ಓದ್ದೆ." ಹಾಗಾದರೆ ಇಷ್ಟು ದಿನ ಕೋಪ ಯಾಕೆ ಎಂದು ಕೇಳಿದೆ. "ನೀನು ನನ್ನ ಕೇಳ್ಲಿಲ್ಲ ಮಾವ. ಕೇಳಿದ್ರೆ ಹೂಂ ಅಂತಿದ್ದೆ." ಇದನ್ನೂ ಅಮ್ಮನಿಗೆ ಬರಿ ಎಂದು ಪೆನ್ನು ಕೈಗಿಟ್ಟಿದ್ದಾಳೆ. ಸರಿಯಾಗಿ ಬರೆದೆನೋ ಇಲ್ಲವೋ ಓದಿ ನೋಡಲು ಪಕ್ಕದಲ್ಲೇ ನಿಂತಿದ್ದಾಳೆ.