ಕೋಟು ಯಾಕೆ ಉಳಿಯಿತು?

ಮಾರ್ಚ್ ೧೪, ರಾತ್ರಿ

ಹೆಂಡತಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ! ಇವತ್ತು ಮಲಗುವ ಕೋಣೆಯ ಬೀರು ಖಾಲಿ ಮಾಡಿದೆವು. ನನ್ನ ಹಳೇ ಅಂಗಿಗಳೆಲ್ಲ ಕೊಟ್ಟುಬಿಡುವ ಚೀಲಕ್ಕೆ ಬಿದ್ದವು, ಸರಿ. ಆದರೆ ನಾಟಕದಲ್ಲಿ ರಾಜನಾಗಿ ನಾನು ತೊಡುತ್ತಿದ್ದ ಆ ಮಖಮಲ್ ಕೋಟು? ಮೂವತ್ತು ವರ್ಷದಿಂದ ಅದನ್ನು "ಜಿರಳೆಗಳ ಅರಮನೆ" ಎಂದು ಬೈದವಳು ಇವತ್ತು ಧೂಳು ಕೊಡವಿ, ಗುಂಡಿ ಹಾಕಿ, ವಾಪಸ್ ತೂಗುಹಾಕಿದಳು!

ನಾನು ಬಿಡುತ್ತೇನೆಯೇ? ಪರೀಕ್ಷೆಗೆಂದು ಕೋಟನ್ನು ನಾನೇ ಚೀಲಕ್ಕೆ ತುರುಕಿ ಗುಡುಗಿದೆ: "ತೊಲಗಲಿ ಈ ದರಿದ್ರ!"

"ಅಯ್ಯೋ, ಇರಲಿ ಬಿಡ್ರೀ. ಅದೇನು ಅನ್ನ ಕೇಳುತ್ತಾ?" ಎಂದು ಹೊರಗೆ ತೆಗೆದಳು.

"ನಿನ್ನೆ ನನ್ನ ಎಕ್ಸ್-ರೇ ತರೋಕೆ ಒಬ್ಬಳೇ ಹೋಗಿದ್ದೆಯಲ್ಲ, ಡಾಕ್ಟರು ಏನಂದ್ರು?"

"ಏನೂ ಇಲ್ಲ ಅಂದ್ರು ಅಂತ ಹೇಳಿದ್ನಲ್ಲ. ಊರಿಗೆಲ್ಲ ಕೇಳೋ ಹಾಗೆ ಕೂಗಬೇಡಿ."

ಹಾಗೆಂದವಳು ಗೋಡೆಯ ಕಡೆ ತಿರುಗಿ, ಕೋಟಿನ ತೋಳು ನೀವುತ್ತಲೇ ನಿಂತಳು. ನಾನು ರಂಗದ ಮೇಲೆ ಬೆಳೆದವನು. ಪಾತ್ರಧಾರಿ ಜನರಿಗೆ ಬೆನ್ನು ಹಾಕಿದರೆ ಒಂದೋ ಮಾತು ಮರೆತಿರಬೇಕು, ಇಲ್ಲವೇ ನಿಜವಾದ ಅಳು ಬಂದಿರಬೇಕು. ನಮ್ಮ ಕಂಪನಿಯಲ್ಲಿ ಇಪ್ಪತ್ತು ವರ್ಷ ನನಗೆ ರಾಣಿಯಾದವಳು ಇವಳು. ಒಂದು ದಿನವೂ ಮಾತು ಮರೆತವಳಲ್ಲ.