ನಡೆಯದ ನಾಣ್ಯಗಳ ಸಂಬಂಧ

ಕಡೂರು, ಮಂಗಳವಾರ

ಯಗಟಿಯ ಶ್ರೀ ಚಂದ್ರಕುಮಾರ್ ಮಾವನವರ ಪಾದಾರವಿಂದಗಳಿಗೆ,

ತಾವು ಮಾವನವರಾಗುವುದೇ ಈಗ ಅನುಮಾನವಾದ್ದರಿಂದ ಸದ್ಯಕ್ಕೆ ಅರ್ಧ ನಮಸ್ಕಾರ.

ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನಾನು ಕೈಯೊಡ್ಡಿ ನಿಂತದ್ದನ್ನು ಕಂಡು, "ತಿರುಪೆಯವನಿಗೆ ಕೋಮಲಾಳನ್ನು ಕೊಡಲ್ಲ" ಎಂದು ನಮ್ಮಪ್ಪನಿಗೆ ಫೋನ್ ಮಾಡಿದಿರಂತೆ. ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಅಲ್ಲಿ ಕೂರುವ ಮುನಿಯಪ್ಪನೆಂಬ ಭಿಕ್ಷುಕ ಮಹಾಶಯನಿಗೆ ನಾನು ಹತ್ತು ರೂಪಾಯಿಯ ನಾಣ್ಯ ದಾನ ಮಾಡಿದೆ. ಯಾವ ಅಂಗಡಿಯವನೂ ಮುಟ್ಟದ ನಾಣ್ಯ, ನಿಜ. ಆದರೂ ಕೃತಜ್ಞತೆಯೆಂಬುದು ಆ ವೃತ್ತಿಯಲ್ಲೇ ಇಲ್ಲ. ಅದನ್ನು ತಿರುಗಿಸಿ ನೋಡಿ, "ಇದು ನಡಿಯಾಕಿಲ್ಲ ಕಣಪ್ಪಾ, ನೀನೇ ಇಟ್ಕಂಡು ಬದುಕ್ಕೋ" ಎಂದು ನನ್ನ ಅಂಗೈಗೇ ಹಾಕಿದ. ನಾನು ಅಂಗೈ ನೋಡುತ್ತ ನಿಂತಿದ್ದಾಗಲೇ ಯಗಟಿ ಬಸ್ಸಿಳಿದ ತಾವು, ಮುಖ ನೋಡದೆ ಅದೇ ಕೈಗೆ ಎಂಟಾಣೆ ಹಾಕಿದಿರಿ. ಆಮೇಲೆ ಮುಖ ನೋಡಿದಿರಿ. ಓಡಿದಿರಿ.

"ಯಾರ್ಲಾ ಅದು?" ಎಂದ ಮುನಿಯಪ್ಪ.

"ನಂಗೆ ಹೆಣ್ಣು ಕೊಡೋರು."

ಅವನು ನನ್ನ ಅಂಗೈಗೆ ಬಗ್ಗಿ ಎರಡೂ ನಾಣ್ಯಗಳನ್ನು ನೋಡಿದ. "ನಿಂದೂ ನಡಿಯಾಕಿಲ್ಲ, ಅವ್ರದೂ ನಡಿಯಾಕಿಲ್ಲ. ಇಂಥಾ ಜೋಡಿ ಸಂಬಂಧ ಎಲ್ ಸಿಕ್ತದೆ? ಬಿಡ್ಬ್ಯಾಡ ಕಣ್ಲಾ!"

ಎಂಟಾಣೆಯನ್ನು ಅವನಿಗೇ ಕೊಡಲು ಹೋದೆ. ಕೈ ಹಿಂದಕ್ಕೆಳೆದುಕೊಂಡ. ಆದ್ದರಿಂದ ಅದನ್ನು ತಮ್ಮ ಮುಂಗಡ ಮುಯ್ಯಿಯೆಂದು ಭದ್ರವಾಗಿ ಇಟ್ಟುಕೊಂಡಿದ್ದೇನೆ. ಮುಯ್ಯಿ ಹಾಕಿದ ಮೇಲೆ ಮದುವೆ ಮಾಡದಿರುವುದು ಯಗಟಿಯಲ್ಲಿ ಪದ್ಧತಿಯೇ? ದಯವಿಟ್ಟು ದಿನ ಗೊತ್ತುಮಾಡಿ ತಿಳಿಸಿರಿ.

ಇಂತಿ, ತಮ್ಮ ಎಂಟಾಣೆಯ ಅಳಿಯ,
ತಿಪ್ಪೇಶ